ಮಡಿಸುವ ಚಾಕುವಿಗೆ ಮನೆಯಲ್ಲೇ ಹೊಸ ಹಿಡಿ: ಯಾವುದನ್ನು ಬದಲಿಸಬಹುದು, ಯಾವುದನ್ನು ಮುಟ್ಟಬಾರದು

ತಾರಸಿಯ ಕುಂಡಗಳಲ್ಲಿ ಗಿಡ ಬೆಳೆಸುವವರು, ವಾರಾಂತ್ಯಕ್ಕೆ ಸಾವನದುರ್ಗವನ್ನೋ ಸ್ಕಂದಗಿರಿಯನ್ನೋ ಹತ್ತುವವರು, ದಿನವೂ ಮನೆಗೆ ಬರುವ ಪಾರ್ಸೆಲ್ ಪೆಟ್ಟಿಗೆಗಳನ್ನು ಬಿಚ್ಚುವವರು ಹೀಗೆ ಬೆಂಗಳೂರಿನಲ್ಲಿ ಮಡಿಸುವ ಚಾಕುವನ್ನು ಬಳಸುವವರು ಬಗೆಬಗೆಯವರಿದ್ದಾರೆ. ಇಂಥ ಚಾಕುವಿನ ಅಲಗು ಸಾಮಾನ್ಯವಾಗಿ ಬಹಳ ವರ್ಷ ಬಾಳುತ್ತದೆ. ಮೊಂಡಾದರೆ ಸಾಣೆ ಹಿಡಿದರೆ ಸಾಕು. ಮೊದಲು ಹಾಳಾಗುವುದು ಹಿಡಿ. ಪ್ಲಾಸ್ಟಿಕ್ ಆದರೆ ಬಿರುಕು ಬಿಡುತ್ತದೆ, ಮರವಾದರೆ ಸೀಳುತ್ತದೆ, ಕೆಲವು ಹಿಡಿಗಳು ಆರಂಭದಿಂದಲೂ ಕೈಗೆ ಹೊಂದುವುದಿಲ್ಲ. ಅಡುಗೆಮನೆಯ ಚಾಕುವಿಗೆ ಹೊಸ ಹಿಡಿ ಹಾಕಿಸಿದಂತೆ ಇದಕ್ಕೂ ಹಾಕಬಹುದೇ, ಅದನ್ನು ಮನೆಯಲ್ಲೇ ಮಾಡಬಹುದೇ ಎಂಬ ಪ್ರಶ್ನೆ ಆಗ ಏಳುತ್ತದೆ.

ಬಹುಪಾಲು ಸಂದರ್ಭಗಳಲ್ಲಿ ಮಾಡಬಹುದು. ಆದರೆ ಅಡುಗೆಮನೆಯ ಚಾಕುವಿನ ಹಿಡಿ ಅಲಗನ್ನು ಹಿಡಿದುಕೊಂಡಿದ್ದರೆ ಸಾಕು. ಮಡಿಸುವ ಚಾಕುವಿನ ಹಿಡಿಗೆ ಅದಕ್ಕಿಂತ ಹೆಚ್ಚಿನ ಕೆಲಸವಿದೆ. ಅಲಗು ತಿರುಗುವುದು, ತೆರೆದಾಗ ಗಟ್ಟಿಯಾಗಿ ನಿಲ್ಲುವುದು, ಮಡಚಿದಾಗ ತಾನಾಗಿ ಹೊರಬಾರದೆ ಇರುವುದು, ಈ ಮೂರೂ ಹಿಡಿಯ ಒಳಗಿನ ಅಳತೆಗಳನ್ನೇ ನೆಚ್ಚಿಕೊಂಡಿವೆ. ಆದ್ದರಿಂದ ಕೈ ಹಾಕುವ ಮೊದಲು ಹಿಡಿಯ ಯಾವ ಭಾಗ ಬರೀ ಹೊದಿಕೆ, ಯಾವ ಭಾಗ ಯಂತ್ರ ಎಂಬುದನ್ನು ಬೇರ್ಪಡಿಸಿ ನೋಡಬೇಕು.

ಚಾಕುವಿನ ಒಳಗೆ ಏನಿದೆ

ಮಡಿಸುವ ಚಾಕುವನ್ನು ಮನೆಯ ಬಾಗಿಲೆಂದು ಭಾವಿಸಿಕೊಂಡರೆ ಅದರ ರಚನೆ ಸುಲಭವಾಗಿ ಅರ್ಥವಾಗುತ್ತದೆ. ಅಲಗು ಬಾಗಿಲಿನ ಕದ, ಅಲಗಿನ ಬುಡದಲ್ಲಿ ಅಡ್ಡಲಾಗಿ ಹಾದುಹೋಗುವ ಮೊಳೆ ಅಥವಾ ಸ್ಕ್ರೂ ಅದರ ಕೀಲು, ಹಿಡಿಯೆಂಬುದು ಚೌಕಟ್ಟು, ತೆರೆದ ಅಲಗು ಮಡಚಿಕೊಳ್ಳದಂತೆ ತಡೆಯುವ ಲಾಕ್ ಚಿಲಕ. ಚೌಕಟ್ಟಿಗೆ ಬಣ್ಣ ಬಳಿದರೆ, ಮೇಲೆ ಹೊಸ ಪಟ್ಟಿ ಹೊಡೆದರೆ ಬಾಗಿಲಿಗೆ ಏನೂ ಆಗುವುದಿಲ್ಲ. ಚೌಕಟ್ಟೇ ಒಂದು ಕೂದಲೆಳೆಯಷ್ಟು ಸೊಟ್ಟಗಾದರೆ ಕದ ಉಜ್ಜುತ್ತದೆ, ಚಿಲಕ ತನ್ನ ತೂತಿಗೆ ಬೀಳುವುದಿಲ್ಲ.

ಹಿಡಿಯನ್ನು ಪದರಪದರವಾಗಿ ಬಿಚ್ಚಿದರೆ ಹೊರಗಿನಿಂದ ಮೊದಲು ಸಿಗುವುದು ಎರಡು ಪಕ್ಕೆಗಳು. ಕೈಗೆ ತಾಗುವ ಮರ, ಪ್ಲಾಸ್ಟಿಕ್ ಅಥವಾ ಕೊಂಬಿನ ತುಂಡುಗಳಿವು. ಅನೇಕ ಚಾಕುಗಳಲ್ಲಿ ಪಕ್ಕೆಗಳ ಒಳಬದಿಗೆ ತೆಳುವಾದ ಉಕ್ಕಿನ ಅಥವಾ ಹಿತ್ತಾಳೆಯ ತಗಡು ಇರುತ್ತದೆ. ಇದನ್ನು ಒಳತಗಡು ಎಂದು ಕರೆಯೋಣ. ಎರಡು ಒಳತಗಡುಗಳ ನಡುವೆ ಅಲಗು, ಅಲಗಿನ ಎರಡೂ ಬದಿಗೆ ಅದು ಸರಾಗವಾಗಿ ತಿರುಗಲೆಂದು ಕಂಚಿನ ಅಥವಾ ನೈಲಾನಿನ ತೆಳು ವಾಷರ್‌ಗಳು, ಹಿಂಬದಿಯಲ್ಲಿ ಸ್ಪ್ರಿಂಗ್ ಅಥವಾ ಎರಡೂ ಪಕ್ಕೆಗಳನ್ನು ದೂರವಿರಿಸುವ ಸಣ್ಣ ಕಂಬಗಳು ಇರುತ್ತವೆ.

ಇಡೀ ಕೆಲಸದ ಮೊದಲ ಪ್ರಶ್ನೆ ಇಲ್ಲಿಯೇ ಇದೆ: ನಿಮ್ಮ ಚಾಕುವಿಗೆ ಒಳತಗಡು ಇದೆಯೇ? ಇದ್ದರೆ ಯಂತ್ರವೆಲ್ಲ ಆ ಎರಡು ತಗಡುಗಳ ನಡುವೆ ಮುಗಿದುಹೋಗಿರುತ್ತದೆ, ಪಕ್ಕೆ ಬರೀ ಹೊದಿಕೆಯಾಗಿರುತ್ತದೆ, ಅದನ್ನು ಬದಲಿಸುವುದು ತಾಳ್ಮೆಯುಳ್ಳ ಯಾರಿಗಾದರೂ ಸಾಧ್ಯ. ಇಲ್ಲದಿದ್ದರೆ ಪಕ್ಕೆಯೇ ಚೌಕಟ್ಟು. ವಾಷರ್ ಕೂರುವ ಜಾಗ, ಕೀಲಿನ ತೂತು, ಅಲಗು ಬಂದು ನಿಲ್ಲುವ ಗೂಟ ಎಲ್ಲವೂ ಅದರಲ್ಲೇ ಕೊರೆದಿರುತ್ತವೆ. ಅಂಥದ್ದನ್ನು ಕೈಯಿಂದ ನಕಲು ಮಾಡಲು ನಿಖರ ಯಂತ್ರಗಳು ಬೇಕಾಗುತ್ತವೆ, ಮನೆಯ ಮೇಜು ಸಾಲದು.

ಯಾವ ಚಾಕು ಹೇಗೆ ಬಿಚ್ಚಿಕೊಳ್ಳುತ್ತದೆ

ಇತ್ತೀಚಿನ ಚಾಕುಗಳಲ್ಲಿ ಹೆಚ್ಚಿನವು ಸ್ಕ್ರೂಗಳಿಂದ ಜೋಡಿಸಿದವು. ಸ್ಕ್ರೂವಿನ ತಲೆಯಲ್ಲಿ ಆರು ಮೂಲೆಯ ನಕ್ಷತ್ರದಂತಹ ಕುಳಿ ಇರುತ್ತದೆ; ಅಂಗಡಿಗಳಲ್ಲಿ ಇದಕ್ಕೆ ಬೇಕಾದ ಉಪಕರಣವನ್ನು ಸ್ಟಾರ್ ಬಿಟ್ ಎನ್ನುತ್ತಾರೆ, ಅಂತರರಾಷ್ಟ್ರೀಯ ಹೆಸರು ಟಾರ್ಕ್ಸ್. ಪಕ್ಕೆಯ ಸ್ಕ್ರೂಗಳಿಗೆ ಹೆಚ್ಚಾಗಿ ಟಿ6, ಕೀಲಿನ ಸ್ಕ್ರೂವಿಗೆ ಟಿ8 ಅಥವಾ ಟಿ10 ಅಳತೆ ಹೊಂದುತ್ತದೆ. ಎಸ್.ಪಿ. ರಸ್ತೆಯಲ್ಲಿ ಮೊಬೈಲ್ ಮತ್ತು ಲ್ಯಾಪ್‌ಟಾಪ್ ರಿಪೇರಿಗೆಂದು ಮಾರುವ ಬಿಟ್ ಪೆಟ್ಟಿಗೆಗಳಲ್ಲಿ ಈ ಅಳತೆಗಳು ಸಿಗುತ್ತವೆ. ಬಿಟ್ ಮೆತ್ತಗಿನ ಉಕ್ಕಿನದಾದರೆ ಸ್ಕ್ರೂವಿನ ತಲೆ ಸವೆದು ಕೆಲಸ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಖರ್ಚಿನಲ್ಲಿ ಕೈ ಬಿಗಿ ಮಾಡಬಾರದ ಒಂದು ವಸ್ತು ಇದ್ದರೆ ಅದು ಬಿಟ್. ಕಾರ್ಖಾನೆಯಲ್ಲಿ ಸ್ಕ್ರೂ ಸಡಿಲವಾಗದಿರಲೆಂದು ಅಂಟುದ್ರವ ಹಾಕಿರುತ್ತಾರೆ. ಸ್ಕ್ರೂ ಅಲುಗದಿದ್ದರೆ ಬಲ ಹೆಚ್ಚಿಸುವ ಬದಲು ಕಾದ ಸಾಲ್ಡರಿಂಗ್ ಕಡ್ಡಿಯ ತುದಿಯನ್ನು ಅದರ ತಲೆಯ ಮೇಲೆ ಕೆಲವು ಸೆಕೆಂಡು ಇಟ್ಟರೆ ಅಂಟು ಮೆತ್ತಗಾಗಿ ಬಿಟ್ಟುಕೊಡುತ್ತದೆ.

ಕೆಂಪು ಹಿಡಿಯ ಸ್ವಿಸ್ ಚಾಕುವಿನ ರಚನೆ ಬೇರೆ. ಕಾರ್ಲ್ ಎಲ್ಸೆನರ್ 1897ರಲ್ಲಿ ರೂಪಿಸಿದ ಅಧಿಕಾರಿಗಳ ಚಾಕುವಿನ ವಂಶಕ್ಕೆ ಸೇರಿದ ಇಂದಿನ 91 ಮಿ.ಮೀ. ಮಾದರಿಗಳಲ್ಲಿ ಎಲ್ಲ ಅಲಗುಗಳನ್ನೂ ಸ್ಪ್ರಿಂಗ್‌ಗಳನ್ನೂ ಹಿತ್ತಾಳೆಯ ಮೊಳೆಗಳು ಹಿಡಿದಿಟ್ಟಿರುತ್ತವೆ, ಸೆಲ್ಲಿಡಾರ್ ಎಂಬ ಪ್ಲಾಸ್ಟಿಕ್ಕಿನ ಪಕ್ಕೆಗಳು ಆ ಮೊಳೆಗಳ ಉಬ್ಬಿದ ತಲೆಗಳ ಮೇಲೆ ಒತ್ತಿ ಕೂತಿರುತ್ತವೆ. ಬಿಸಿನೀರಿನಲ್ಲಿ ಕೆಲವು ನಿಮಿಷ ಇಟ್ಟು, ತೆಳುವಾದ ಮೊಂಡು ಪಟ್ಟಿಯನ್ನು ಪಕ್ಕೆಗೂ ಲೋಹಕ್ಕೂ ನಡುವೆ ತೂರಿಸಿ ಮೆಲ್ಲಗೆ ಎತ್ತಿದರೆ ಪಕ್ಕೆ ಕಳಚುತ್ತದೆ, ಒಳಗಿನ ಯಂತ್ರಕ್ಕೆ ಏನೂ ಆಗುವುದಿಲ್ಲ. ಹೊಸ ಪಕ್ಕೆಯ ಒಳಮೈಯಲ್ಲಿ ಮೊಳೆತಲೆಗಳಿಗೆ ಸರಿಯಾಗಿ ಕುಳಿಗಳನ್ನು ಕೊರೆದು ಅಂಟಿಸಿದರೆ ಕೆಲಸ ಮುಗಿಯಿತು. ಮೊದಲ ಬಾರಿ ಈ ಕೆಲಸಕ್ಕೆ ಇಳಿಯುವವರಿಗೆ ನಾನು ಸೂಚಿಸುವುದು ಇದನ್ನೇ. ಹಲ್ಲುಕಡ್ಡಿ ಮತ್ತು ಚಿಮಟಗಳ ಕಿರಿದಾದ ಗೂಡುಗಳನ್ನು ಮರದಲ್ಲಿ ಕೊರೆಯುವುದು ಕಷ್ಟ, ಅವನ್ನು ಬಿಟ್ಟುಕೊಡಬೇಕಾಗಬಹುದು.

ಮೂರನೆಯ ಬಗೆ ಹಳೆಯ ಕಾಲದ ಮೊಳೆ ಬಡಿದ ಚಾಕು. ಇದರಲ್ಲಿ ಹಿಡಿಯ ತುದಿಯಲ್ಲಿ ಬೋಲ್ಸ್ಟರ್ ಎಂಬ ದಪ್ಪ ಲೋಹದ ತುಂಡಿದ್ದು, ಕೀಲಿನ ಮೊಳೆಯ ಎರಡೂ ತುದಿಗಳನ್ನು ಸುತ್ತಿಗೆಯಿಂದ ಬಡಿದು ಅರಳಿಸಿ ಅದರೊಳಗೆ ಮುಚ್ಚಿರುತ್ತಾರೆ. ಈ ಮೊಳೆಯನ್ನು ತೆಗೆದರೆ ಬಿಗಿಯಾಗಿ ಬಾಗಿರುವ ಬೆನ್ನಿನ ಸ್ಪ್ರಿಂಗ್ ಸಡಿಲವಾಗುತ್ತದೆ. ಮತ್ತೆ ಅದೇ ಒತ್ತಡದಲ್ಲಿ ಜೋಡಿಸಿ, ಅಲಗು ಬಿಗಿಯೂ ಆಗದೆ ಸಡಿಲವೂ ಆಗದೆ ಮೊಳೆ ಬಡಿಯುವುದು ನುರಿತ ಕೈಯ ಕೆಲಸ. ಅದೃಷ್ಟವಶಾತ್ ಅದು ಬೇಕಾಗಿಯೇ ಇಲ್ಲ. ಬೋಲ್ಸ್ಟರ್ ಇರುವ ಚಾಕುವಿನಲ್ಲಿ ಪಕ್ಕೆಗಳು ಒಳತಗಡಿನ ಮೇಲೆ ಪ್ರತ್ಯೇಕವಾಗಿ ಕೂತಿರುವುದರಿಂದ ಕೀಲನ್ನು ಮುಟ್ಟದೆಯೇ ಹಳೆಯ ಪಕ್ಕೆಯನ್ನು ಎಬ್ಬಿಸಿ ತೆಗೆದು, ಅದರ ಜಾಗಕ್ಕೆ ಹೊಸದನ್ನು ಅಂಟಿಸಬಹುದು.

ಇವೆಲ್ಲಕ್ಕಿಂತ ಸರಳವಾದದ್ದು ಫ್ರಾನ್ಸಿನ ಸವೊಯ್ ಪ್ರಾಂತ್ಯದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ ಚಾಕು. ಹಿಡಿ ಒಂದೇ ಮರದ ತುಂಡು, ಅದರಲ್ಲಿ ಅಲಗಿಗೊಂದು ಸೀಳು, ಕೊರಳಿನಲ್ಲಿ 1955ರಿಂದ ಬಂದ ತಿರುಗುವ ಉಂಗುರದ ಲಾಕ್. ಒಳತಗಡು ಇಲ್ಲದ್ದರಿಂದ ಮೇಲೆ ಹೇಳಿದ ಲೆಕ್ಕದಲ್ಲಿ ಇಲ್ಲಿ ಮರವೇ ಚೌಕಟ್ಟು. ಆದ್ದರಿಂದ ಇದರ ಹಿಡಿಯನ್ನು ಬದಲಿಸುವುದಕ್ಕಿಂತ ಇರುವ ಹಿಡಿಯನ್ನೇ ಮರುರೂಪಿಸುವುದು ಸುಲಭ: ಮೇಲಿನ ವಾರ್ನಿಷನ್ನು ಉಜ್ಜಿ ತೆಗೆದು, ಬೆರಳುಗಳಿಗೆ ತಕ್ಕಂತೆ ತುದಿಯನ್ನು ಅರದಿಂದ ತಿದ್ದಿ, ಎಣ್ಣೆ ಉಣಿಸಬಹುದು. ಉಂಗುರ ಕೂರುವ ಕೊರಳನ್ನೂ ಸೀಳಿನ ಒಳಬದಿಯನ್ನೂ ಮಾತ್ರ ಹಾಗೆಯೇ ಬಿಡಬೇಕು.

ಲಾಕನ್ನು ಏಕೆ ಮುಟ್ಟಬಾರದು

ಮಡಿಸುವ ಚಾಕುವಿನಿಂದ ಕೈಗೆ ಆಗುವ ಕೆಟ್ಟ ಗಾಯಗಳಲ್ಲೊಂದು ಕತ್ತರಿಸುವಾಗ ಅಲಗು ಬೆರಳುಗಳ ಮೇಲೆ ಮಡಚಿಕೊಳ್ಳುವುದರಿಂದ ಆಗುತ್ತದೆ. ಅದನ್ನು ತಡೆಯುವುದೇ ಲಾಕಿನ ಕೆಲಸ. ಇಂದು ಹೆಚ್ಚು ಕಾಣುವ ಲೈನರ್ ಲಾಕನ್ನು ಈಗಿನ ರೂಪಕ್ಕೆ ತಂದವರು ಅಮೆರಿಕದ ಚಾಕು ತಯಾರಕ ಮೈಕಲ್ ವಾಕರ್, 1980ರ ದಶಕದ ಆರಂಭದಲ್ಲಿ. ಒಳತಗಡಿನ ಒಂದು ಭಾಗವನ್ನು ಸೀಳಿ ಒಳಮುಖವಾಗಿ ಬಾಗಿಸಿರುತ್ತಾರೆ. ಅಲಗು ಪೂರ್ತಿ ತೆರೆದೊಡನೆ ಆ ಪಟ್ಟಿ ತಾನಾಗಿ ಒಳಕ್ಕೆ ಚಿಮ್ಮಿ ಅಲಗಿನ ಬುಡಕ್ಕೆ ಆನಿಕೊಳ್ಳುತ್ತದೆ. ಅದೇ ಪಟ್ಟಿಯಲ್ಲಿರುವ ಸಣ್ಣ ಗೋಲಿಯೊಂದು, ಚಾಕು ಮಡಚಿದ್ದಾಗ ಅಲಗಿನ ಮೈಯಲ್ಲಿರುವ ಕುಳಿಗೆ ಕೂತು ಅದು ಜೇಬಿನಲ್ಲಿ ತೆರೆದುಕೊಳ್ಳದಂತೆ ಹಿಡಿದಿಡುತ್ತದೆ.

ಪಟ್ಟಿ ಮತ್ತು ಅಲಗಿನ ಬುಡ ಸೇರುವ ಮೈಗಳನ್ನು ಕೆಲವೇ ಡಿಗ್ರಿಗಳ ಓರೆಯಲ್ಲಿ ಕಡೆದಿರುತ್ತಾರೆ. ಉಪ್ಪುಕಾಗದದಿಂದ ಎರಡು ಬಾರಿ ಉಜ್ಜಿದರೂ ಆ ಓರೆ ಕೆಟ್ಟು, ನೋಡಲು ಲಾಕ್ ಬಿದ್ದಂತಿದ್ದು ಒತ್ತಡ ಬಂದಾಗ ಜಾರುವ ಚಾಕು ತಯಾರಾಗುತ್ತದೆ. ಪಟ್ಟಿಯನ್ನು ಹೆಚ್ಚು ಬಾಗಿಸುವುದು, ಗೋಲಿಯನ್ನು ಕೀಳುವುದು, ಅಲಗು ನಿಲ್ಲುವ ಗೂಟವನ್ನು ಅರೆಯುವುದು ಇವೂ ಇದೇ ಸಾಲಿನವು. ಹೊಳಪು ಕೊಡಬೇಕೆಂಬ ಆಸೆಯಿದ್ದರೆ ಪಕ್ಕೆಗೆ ಕೊಡಿ, ಜೇಬಿನ ಕ್ಲಿಪ್ಪಿಗೆ ಕೊಡಿ, ಸ್ಕ್ರೂಗಳ ತಲೆಗೆ ಬೇಕಾದರೂ ಕೊಡಿ. ಲೋಹ ಲೋಹಕ್ಕೆ ಆನುವ ಜಾಗಗಳಿಗೆ ಕೊಡಬೇಡಿ.

ಮರ ಮತ್ತು ಬೆಂಗಳೂರಿನ ಗಾಳಿ

ಹಿಡಿಯೆಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಮರ, ಮರ ಚಾಕುವಿಗೆ ಚೆನ್ನಾಗಿಯೂ ಒಪ್ಪುತ್ತದೆ. ಆದರೆ ಮರ ಗಾಳಿಯ ತೇವಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಅದನ್ನು ಅಂಟಿಸಿರುವ ಉಕ್ಕಿನ ತಗಡು ಹಾಗೆ ಮಾಡುವುದಿಲ್ಲ. ಬೆಂಗಳೂರಿನಲ್ಲಿ ಮಾರ್ಚ್–ಏಪ್ರಿಲ್ ತಿಂಗಳ ಮಧ್ಯಾಹ್ನಗಳಲ್ಲಿ ಸಾಪೇಕ್ಷ ಆರ್ದ್ರತೆ ಶೇ. 30ರ ಆಸುಪಾಸಿಗೆ ಇಳಿಯುತ್ತದೆ, ಮಳೆಗಾಲದಲ್ಲಿ ಶೇ. 80ನ್ನು ಮೀರುತ್ತದೆ. ಶೇ. 30 ಆರ್ದ್ರತೆಯ ಗಾಳಿಯಲ್ಲಿ ಬಹುಕಾಲ ಇಟ್ಟ ಮರದೊಳಗಿನ ನೀರಿನಂಶ ಸುಮಾರು ಶೇ. 6ಕ್ಕೆ ಬಂದು ನಿಂತರೆ, ಶೇ. 80ರಲ್ಲಿ ಅದು ಸುಮಾರು ಶೇ. 16ಕ್ಕೆ ಏರುತ್ತದೆ.

ಇದರ ಪರಿಣಾಮವನ್ನು ಲೆಕ್ಕ ಹಾಕಬಹುದು. ನೀರಿನಂಶ ಶೇ. 1ರಷ್ಟು ಬದಲಾದಾಗ ಗಟ್ಟಿ ಮರಗಳು ಎಳೆಗೆ ಅಡ್ಡವಾಗಿ ಸುಮಾರು ಶೇ. 0.2ರಷ್ಟು ಅಳತೆ ಬದಲಿಸುತ್ತವೆ. ಹಿಡಿಯ ಅಗಲ 20 ಮಿ.ಮೀ. ಎಂದಿಟ್ಟುಕೊಂಡರೆ, ಬೇಸಿಗೆಯ ಮತ್ತು ಮಳೆಗಾಲದ ಅಳತೆಗಳ ನಡುವಿನ ಅಂತರ 0.4 ಮಿ.ಮೀ.ವರೆಗೆ ಹೋಗಬಹುದು. ದಿನದ ಏರಿಳಿತವನ್ನು ಮರ ಪೂರ್ತಿ ಹಿಂಬಾಲಿಸುವುದಿಲ್ಲ, ಎಣ್ಣೆ ಮೇಣಗಳ ಲೇಪವೂ ತೇವದ ಓಡಾಟವನ್ನು ನಿಧಾನಿಸುತ್ತದೆ, ಹಾಗಾಗಿ ನಿಜದಲ್ಲಿ ಇದರ ಅರ್ಧದಷ್ಟು ಕಂಡೀತು. ಅಷ್ಟಾದರೂ ಅಂಟಿನ ಪದರವನ್ನು ಎಳೆದಾಡಲು, ತೂತುಗಳ ಬಳಿ ಕೂದಲೆಳೆಯ ಬಿರುಕು ಮೂಡಿಸಲು ಸಾಕು. ಒಪಿನೆಲ್ ಮಾದರಿಯ ಮರದ ಸೀಳುಳ್ಳ ಚಾಕುಗಳು ಜುಲೈನಲ್ಲಿ ತೆರೆಯಲು ಬಿಗಿಯಾಗಿ ಫೆಬ್ರವರಿಯಲ್ಲಿ ಸಡಿಲವಾಗುವುದಕ್ಕೂ ಕಾರಣ ಇದೇ. ಎಳೆಯ ಉದ್ದಕ್ಕೆ ಮಾತ್ರ ಮರ ಬಹುತೇಕ ಬದಲಾಗುವುದಿಲ್ಲ. ಆದ್ದರಿಂದ ಎಳೆಗಳು ಹಿಡಿಯ ಉದ್ದಕ್ಕೆ ಓಡುವಂತೆ ತುಂಡು ಕತ್ತರಿಸಿಕೊಳ್ಳುವುದು ಕಡ್ಡಾಯ. ಅಡ್ಡ ಎಳೆಯ ತೆಳು ಪಕ್ಕೆ ಬಲಹೀನವೂ ಹೌದು, ಕೈತಪ್ಪಿ ಬಿದ್ದರೆ ಎರಡು ತುಂಡಾಗುತ್ತದೆ.

ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯ ಸಾಮಿಲ್ಲುಗಳಲ್ಲಿ ತೇಗ, ಹೊನ್ನೆ, ಹಲಸಿನ ಚೂರುಗಳನ್ನು ಕೇಳಿ ನೋಡಬಹುದು. ಚಾಕುವಿನ ಹಿಡಿಗೆ ಬೇಕಾದದ್ದು ಅಂಗೈಯಗಲದ ತುಂಡು ಮಾತ್ರ. ತಂದ ತುಂಡನ್ನು ಒಡನೆಯೇ ಬಳಸದೆ ಕೆಲವು ವಾರ ಮನೆಯೊಳಗೆ ಇಟ್ಟು ಅಲ್ಲಿನ ತೇವಕ್ಕೆ ಒಗ್ಗಿಸಬೇಕು. ಹಳೆಯ ಕುರ್ಚಿಯ ಕಾಲು, ಮುರಿದ ಮಂಚದ ಪಟ್ಟಿ ಇವು ದಶಕಗಳ ಕಾಲ ಒಣಗಿದ ಮರವಾದ್ದರಿಂದ ನನ್ನ ಎಣಿಕೆಯಲ್ಲಿ ಹೊಸ ಮರಕ್ಕಿಂತ ಉತ್ತಮ. ಬೀಟೆ ಮರ ಗಟ್ಟಿಯಾಗಿ, ಎಣ್ಣೆಯಂಶದಿಂದ ಕೂಡಿ, ಹಿಡಿಗೆ ಹೇಳಿ ಮಾಡಿಸಿದಂತಿದೆ. ಆದರೆ ಬೀಟೆ ಮತ್ತು ಶ್ರೀಗಂಧವನ್ನು ಕಡಿಯುವುದಕ್ಕೂ ಸಾಗಿಸುವುದಕ್ಕೂ ಕರ್ನಾಟಕದಲ್ಲಿ ಅರಣ್ಯ ಇಲಾಖೆಯ ಕಟ್ಟುಪಾಡುಗಳಿವೆ, ಬೀಟೆಯ ಕುಲಕ್ಕೆ ಸೇರಿದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರ 2017ರಿಂದ, ಅಪಾಯದಲ್ಲಿರುವ ಸಸ್ಯ, ಪ್ರಾಣಿಗಳ ವ್ಯಾಪಾರ ಕುರಿತ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. ಬೀಟೆ ಬೇಕೆಂದರೆ ಮನೆಯ ಹಳೆಯ ಪೀಠೋಪಕರಣದ ಚೂರು ಅಥವಾ ರಸೀದಿ ಸಹಿತ ಕೊಂಡ ತುಂಡು ಇವೆರಡೇ ದಾರಿ.

ಪ್ರಾಣಿಜನ್ಯ ವಸ್ತುಗಳ ವಿಷಯ ಇನ್ನೂ ಸ್ಪಷ್ಟವಾಗಿದೆ. ದಂತವನ್ನೂ ಕಡವೆ, ಜಿಂಕೆಗಳ ಕೊಂಬನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಾರಣ ಬಳಸುವಂತಿಲ್ಲ. ಯುರೋಪಿನ ಹಳೆಯ ಚಾಕುಗಳ ಹಿಡಿಗಳಲ್ಲಿ ಭಾರತದ ಕಡವೆಕೊಂಬು ಕಾಣಸಿಗುತ್ತದಾದರೂ ಆ ಕಾಲ ಮುಗಿದಿದೆ. ಕಾಡಿನಲ್ಲಿ ತಾನಾಗಿ ಉದುರಿಬಿದ್ದ ಕೊಂಬನ್ನೂ ಎತ್ತಿ ತರಬಾರದು. ಸಾಕಿದ ಎಮ್ಮೆಯ ಕೊಂಬಿಗೆ ಈ ತೊಡಕಿಲ್ಲ, ಅದು ಚೆನ್ನಾಗಿ ಹೊಳಪು ತೆಗೆದುಕೊಳ್ಳುತ್ತದೆ. ಉಜ್ಜುವಾಗ ಸುಟ್ಟ ಕೂದಲಿನ ವಾಸನೆ ಬರುತ್ತದೆ, ಒಣಹವೆಯಲ್ಲಿ ಮರದಂತೆಯೇ ಸೊಟ್ಟಗಾಗುತ್ತದೆ.

ಹೈಲಂ ಮತ್ತು ಅದರ ಬಂಧುಗಳು

ತೇವಕ್ಕೆ ಅಂಜದ ಹಿಡಿ ಬೇಕೆಂದರೆ ಬಟ್ಟೆ ಅಥವಾ ಕಾಗದವನ್ನು ರಾಳದಲ್ಲಿ ನೆನೆಸಿ, ಬಿಸಿ ಮತ್ತು ಒತ್ತಡದಲ್ಲಿ ಹಲಗೆಯಾಗಿಸಿದ ವಸ್ತುಗಳಿವೆ. ಚಾಕು ಪ್ರಿಯರು ಮೈಕಾರ್ಟಾ ಎಂದು ಹೆಚ್ಚು ಬೆಲೆ ಕೊಟ್ಟು ತರಿಸುವ ವಸ್ತು ಇಂಥದ್ದು. ಅಮೆರಿಕದ ವೆಸ್ಟಿಂಗ್‌ಹೌಸ್ ಸಂಸ್ಥೆ 1910ರ ಸುಮಾರಿಗೆ ವಿದ್ಯುತ್ ನಿರೋಧಕವಾಗಿ ಅದನ್ನು ತಯಾರಿಸಿತು. ನಮ್ಮಲ್ಲಿ ವಿದ್ಯುತ್ ಕೆಲಸದವರು ಹೈಲಂ ಶೀಟ್ ಎಂದು ಕರೆಯುವ ಕಂದು ಹಲಗೆ ಇದೇ ಕುಟುಂಬದ್ದು. ಎಸ್.ಪಿ. ರಸ್ತೆ ಮತ್ತು ಸುತ್ತಲಿನ ಪೇಟೆಯ ಹಾರ್ಡ್‌ವೇರ್, ವಿದ್ಯುತ್ ಸಾಮಗ್ರಿಗಳ ಅಂಗಡಿಗಳಲ್ಲಿ ಕೇಳಿದರೆ ಇದರ ತುಂಡು ಸಿಗುತ್ತದೆ. ಕಾಗದದ ಹೈಲಂಗಿಂತ ಬಟ್ಟೆಯ ಹೈಲಂ ಗಟ್ಟಿ, ಅಂಚು ಚಕ್ಕೆ ಏಳುವುದೂ ಕಡಿಮೆ. ಒರಟು ಉಪ್ಪುಕಾಗದಕ್ಕೇ ನಿಲ್ಲಿಸಿದರೆ ಒದ್ದೆ ಕೈಗೂ ಹಿಡಿತ ಕೊಡುತ್ತದೆ, ನಯವಾಗಿಸಿದರೆ ಅದರ ಬಟ್ಟೆಯ ಪದರಗಳು ಅಲೆಅಲೆಯಾಗಿ ಕಾಣುತ್ತವೆ. ಇಷ್ಟು ಸುಲಭವಾಗಿ ಸಿಗುವ ಒಳ್ಳೆಯ ವಸ್ತು ಬೇರೊಂದನ್ನು ನಾನು ಕಾಣೆ.

ಜಿ-10 ಎಂಬುದು ಗಾಜಿನ ನಾರು ಮತ್ತು ಎಪಾಕ್ಸಿ ರಾಳದ ಹಲಗೆ, ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡಿನ ಹತ್ತಿರದ ಬಂಧು. ಬಲದಲ್ಲಿ ಇದು ಎಲ್ಲಕ್ಕಿಂತ ಮೇಲು, ಆದರೆ ಗರಗಸದ ಹಲ್ಲನ್ನೂ ಡ್ರಿಲ್ ಬಿಟ್ಟನ್ನೂ ಬೇಗ ಮೊಂಡಾಗಿಸುತ್ತದೆ ಮತ್ತು ಅದರ ದೂಳು ಗಾಜಿನ ದೂಳು.

ದಪ್ಪದ ಲೆಕ್ಕ

ಸ್ಕ್ರೂ ಇರುವ ಚಾಕುವಿಗೆ ಹೊಸ ಪಕ್ಕೆ ಮಾಡುವಾಗ ಬಹುತೇಕರು ಎಡವುವುದು ಇಲ್ಲಿ. ಸ್ಕ್ರೂವಿನ ತಲೆ ಪಕ್ಕೆಯಲ್ಲಿ ಕೊರೆದ ಕುಳಿಯೊಳಗೆ ಕೂರುತ್ತದೆ, ಅದರ ಕಡ್ಡಿ ಕುಳಿಯ ತಳವನ್ನು ದಾಟಿ ಒಳತಗಡಿನ ತಿರುಪಿಗೆ (ಸ್ಕ್ರೂ ಕಚ್ಚಿಕೊಳ್ಳುವ ಸುರುಳಿ ಗೀರುಗಳಿಗೆ) ಹೋಗುತ್ತದೆ. ಹಾಗಾಗಿ ಸ್ಕ್ರೂವಿಗೆ ಮುಖ್ಯವಾದದ್ದು ಪಕ್ಕೆಯ ಒಟ್ಟು ದಪ್ಪವಲ್ಲ, ಕುಳಿಯ ತಳದಲ್ಲಿ ಉಳಿದ ದಪ್ಪ. ಮೂಲ ಪಕ್ಕೆ 3 ಮಿ.ಮೀ. ಇದ್ದು ಕುಳಿ 1.5 ಮಿ.ಮೀ. ಆಳವಾಗಿದ್ದರೆ ತಳ 1.5 ಮಿ.ಮೀ. ಉಳಿದಿರುತ್ತದೆ. ಕೈತುಂಬ ಸಿಗಲೆಂದು ಹೊಸ ಪಕ್ಕೆಯನ್ನು 4 ಮಿ.ಮೀ. ಮಾಡಿದರೆ ಕುಳಿಯನ್ನು 2.5 ಮಿ.ಮೀ. ಕೊರೆದು ತಳವನ್ನು ಅದೇ 1.5 ಮಿ.ಮೀ.ಗೆ ತರಬೇಕು. ತಳ ದಪ್ಪವಾದರೆ ಸ್ಕ್ರೂ ತಿರುಪನ್ನು ಸಾಕಷ್ಟು ಹಿಡಿಯುವುದಿಲ್ಲ. ತೆಳುವಾದರೆ ಸ್ಕ್ರೂವಿನ ತುದಿ ಒಳತಗಡನ್ನು ದಾಟಿ ಅಲಗಿನ ದಾರಿಗೆ ಚಾಚಿ, ಮಡಚುವಾಗಲೆಲ್ಲ ಅದರ ಮೈಯನ್ನು ಗೀರುತ್ತದೆ.

ಪಕ್ಕೆಯ ಒಳಮೈ ಸಪಾಟಾಗಿರಬೇಕೆಂಬುದು ಇದರಷ್ಟೇ ಮುಖ್ಯ. ಸ್ವಲ್ಪ ಬಾಗಿದ ಪಕ್ಕೆಯನ್ನು ಸ್ಕ್ರೂ ಬಿಗಿದು ಕೂರಿಸಿದರೆ, ತೆಳುವಾದ ಒಳತಗಡು ಅದರ ಜೊತೆ ಬಾಗುತ್ತದೆ; ತಗಡಿನ ಭಾಗವೇ ಆದ ಲಾಕ್ ಪಟ್ಟಿ ತನ್ನ ಜಾಗದಿಂದ ಸರಿಯುತ್ತದೆ, ಅಲಗು ಒಂದು ಬದಿಗೆ ಉಜ್ಜತೊಡಗುತ್ತದೆ. ಒಂದು ಗಾಜಿನ ಹಲಗೆಯ ಮೇಲೆ 220ರ ಉಪ್ಪುಕಾಗದ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ) ಅಂಟಿಸಿ, ಪಕ್ಕೆಯ ಒಳಮೈಗೆ ಪೆನ್ಸಿಲಿನಿಂದ ಗೀಟುಗಳನ್ನೆಳೆದು, ಎಲ್ಲ ಗೀಟುಗಳೂ ಸಮನಾಗಿ ಅಳಿಯುವವರೆಗೆ ಉಜ್ಜಿದರೆ ಸಪಾಟಾಗುತ್ತದೆ.

ತೂತುಗಳ ಜಾಗವನ್ನು ಅಳೆದು ಗುರುತಿಸುವುದಕ್ಕಿಂತ ಹಳೆಯ ಪಕ್ಕೆಯನ್ನೇ ಅಚ್ಚಾಗಿ ಬಳಸುವುದು ನಂಬಲರ್ಹ. ಹಳೆಯದನ್ನು ಎರಡು ಬದಿ ಅಂಟಿರುವ ಟೇಪಿನಿಂದ ಹೊಸ ಹಲಗೆಗೆ ಅಂಟಿಸಿ, ಅದರ ತೂತುಗಳ ಮೂಲಕವೇ ಡ್ರಿಲ್ ಇಳಿಸಿ, ಅಂಚಿನ ಗೆರೆಯನ್ನು ಚೂಪು ಮೊನೆಯಿಂದ ಗೀಚಬೇಕು. ಹಲಗೆಯ ಕೆಳಗೆ ಬೇಡದ ಮರದ ತುಂಡಿದ್ದರೆ ಡ್ರಿಲ್ ಹೊರಬರುವ ಕಡೆ ಚಕ್ಕೆ ಏಳುವುದಿಲ್ಲ. ಎರಡು ಪಕ್ಕೆಗಳು ಒಂದಕ್ಕೊಂದು ಕನ್ನಡಿಯ ಬಿಂಬಗಳಾದ್ದರಿಂದ ಒಳಮೈ ಯಾವುದೆಂದು ಮೊದಲೇ ಬರೆದಿಡದಿದ್ದರೆ ಎರಡು ಬಲಗಡೆಯ ಪಕ್ಕೆಗಳು ತಯಾರಾಗುತ್ತವೆ. ತೂತುಗಳನ್ನು ಮೊದಲು ಕೊರೆದು, ಹೊರ ಆಕಾರವನ್ನು ಆಮೇಲೆ ಕತ್ತರಿಸುವುದು ಸರಿಯಾದ ಕ್ರಮ. ಆಕಾರ ಅರ್ಧ ಮಿ.ಮೀ. ಹೆಚ್ಚಿದ್ದರೆ ಅರದಿಂದ ತಿದ್ದಬಹುದು, ತೂತು ಅರ್ಧ ಮಿ.ಮೀ. ಸರಿದರೆ ಆ ತುಂಡು ಹೋದಂತೆಯೇ. ಲಾಕ್ ಪಟ್ಟಿಯನ್ನು ಬೆರಳಿನಿಂದ ಒತ್ತಲು ಮೂಲ ಪಕ್ಕೆಯಲ್ಲಿ ಬಿಟ್ಟಿರುವ ಕಚ್ಚನ್ನು ಹೊಸದರಲ್ಲೂ ಬಿಡಬೇಕು.

ಅಂಟಿಸುವುದು

ಸ್ಕ್ರೂ ಇಲ್ಲದ ಚಾಕುಗಳಿಗೆ ಅಂಟೇ ಆಧಾರ. ಮರಕ್ಕೆ ಮರ ಕೂಡಿಸುವ ಬಿಳಿ ಅಂಟು ಲೋಹವನ್ನು ಹಿಡಿಯುವುದಿಲ್ಲ. ಕ್ಷಣದಲ್ಲಿ ಗಟ್ಟಿಯಾಗುವ ಸೂಪರ್ ಗ್ಲೂ ಪೆಡಸಾಗಿ, ಚಾಕು ಕೆಳಗೆ ಬಿದ್ದಾಗ ಸಿಡಿಯುತ್ತದೆ. ಎರಡು ಕೊಳವೆಗಳಲ್ಲಿ ಬರುವ ಅರಾಲ್ಡೈಟ್ ಮಾದರಿಯ ಎಪಾಕ್ಸಿ ಇಲ್ಲಿಗೆ ತಕ್ಕದ್ದು, ಅದರಲ್ಲೂ ಐದು ನಿಮಿಷದ್ದಕ್ಕಿಂತ ನಿಧಾನವಾಗಿ ಕೂಡುವ ಬಗೆ ಹೆಚ್ಚು ಬಲಶಾಲಿ. ಲೋಹ ಮತ್ತು ಪಕ್ಕೆ ಎರಡನ್ನೂ 80 ಅಥವಾ 120ರ ಉಪ್ಪುಕಾಗದದಿಂದ ಗೀರಿ ಒರಟಾಗಿಸಿ, ಅಸಿಟೋನ್‌ನಿಂದ ಒರೆಸಿ, ಬೆರಳಿನ ಜಿಡ್ಡು ಮತ್ತೆ ತಾಗದಂತೆ ಅಂಟಿಸಬೇಕು. ಕ್ಲಾಂಪನ್ನು ಶಕ್ತಿಯೆಲ್ಲ ಹಾಕಿ ಬಿಗಿದರೆ ಅಂಟು ಪೂರ್ತಿ ಹೊರಬಂದು ಕೂಡುವ ಮೈಗಳ ನಡುವೆ ಅಂಟೇ ಉಳಿಯುವುದಿಲ್ಲ; ಮೈಗಳು ಕೂಡಿಕೊಳ್ಳುವಷ್ಟು ಒತ್ತಡ ಸಾಕು. ಹೊರಸೂಸಿದ ಅಂಟು ಅಲಗಿನ ಸೀಳಿಗೆ ಇಳಿಯದಂತೆ ಮೊದಲೇ ಒಳಬದಿಯ ಸಂದಿಗೆ ಮೇಣ ಹಚ್ಚಿಡುವುದು ಒಳ್ಳೆಯದು. ಇಡೀ ದಿನ ಅದನ್ನು ಅಲುಗಿಸಬಾರದು.

ಮನೆಬಳಕೆಯ ಎಪಾಕ್ಸಿ 60 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಮೆತ್ತಗಾಗಲು ತೊಡಗುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಅಷ್ಟು ಕಾಯಬಲ್ಲದು, ಯಂತ್ರದ ಬೆಲ್ಟಿನಲ್ಲಿ ಬಿಡುವಿಲ್ಲದೆ ಉಜ್ಜಿದರೂ ಅಷ್ಟು ಬಿಸಿ ಏಳುತ್ತದೆ. ಅಲಗಿನ ಉಕ್ಕಿಗೂ ಬಿಸಿ ಶತ್ರು: ಉಕ್ಕು ಹುಲ್ಲಿನ ಹಳದಿ ಬಣ್ಣಕ್ಕೆ ತಿರುಗಿದರೆ ಸುಮಾರು 220 ಡಿಗ್ರಿ, ನೀಲಿಗೆ ತಿರುಗಿದರೆ 300ರ ಆಸುಪಾಸು ಮುಟ್ಟಿದೆಯೆಂದು ಅರ್ಥ, ನೀಲಿಯಾದ ಜಾಗದಲ್ಲಿ ಹರಿತ ನಿಲ್ಲುವುದಿಲ್ಲ. ಕೈಯಿಂದ ಉಜ್ಜುವುದು ನಿಧಾನವಾದರೂ ಈ ಎರಡು ಅಪಾಯಗಳೂ ಅದರಲ್ಲಿಲ್ಲ.

ಉಜ್ಜುವುದು, ದೂಳು, ಎಣ್ಣೆ

ಈ ಹಂತದಲ್ಲಿ ಅಲಗಿಗೆ ದಪ್ಪ ಟೇಪ್ ಸುತ್ತಿ ಮುಚ್ಚಿರಬೇಕು. ಅರದಿಂದ ಆಕಾರ ತಂದು, 120ರಿಂದ ತೊಡಗಿ 220, 320, 400 ಎಂದು ಮೇಲೇರುತ್ತ ಪ್ರತಿ ಹಂತದಲ್ಲೂ ಹಿಂದಿನ ಗೀರುಗಳು ಪೂರ್ತಿ ಹೋಗುವವರೆಗೆ ಉಜ್ಜಬೇಕು. ಮರಕ್ಕೆ 400 ಸಾಕು; ಕೊಂಬಿಗೂ ಹೈಲಂಗೂ ಬೇಕೆಂದರೆ 800ರವರೆಗೆ ಹೋಗಬಹುದು.

ದೂಳನ್ನು ಲಘುವಾಗಿ ಕಾಣಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಮರದ ದೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಸೇರಿಸಿದೆ. ಒಂದೆರಡು ಹಿಡಿ ಮಾಡುವವರಿಗೆ ವರ್ಷಗಟ್ಟಲೆ ಕೆಲಸ ಮಾಡುವ ಬಡಗಿಗಿರುವಷ್ಟು ಅಪಾಯವಿಲ್ಲ, ಆದರೆ ಬೀಟೆಯ ದೂಳು ಕೆಲವರ ಚರ್ಮಕ್ಕೆ ಮೊದಲ ದಿನವೇ ತುರಿಕೆ ತರುತ್ತದೆ. ಎನ್95 ಮುಖಗವಸು ಹಾಕಿಕೊಂಡು, ಬಾಲ್ಕನಿಯಲ್ಲೋ ತಾರಸಿಯಲ್ಲೋ ಕೂತು ಉಜ್ಜುವುದು ಸರಿ. ಹೈಲಂ ಮತ್ತು ಜಿ-10ಗಳನ್ನು ನೀರು ಚಿಮುಕಿಸುತ್ತ ಉಜ್ಜಿದರೆ ದೂಳು ಗಾಳಿಗೆ ಏಳುವುದಿಲ್ಲ. ಫ್ಯಾನಿನ ಕೆಳಗೆ, ಮಕ್ಕಳಿರುವ ಕೋಣೆಯಲ್ಲಿ ಈ ಕೆಲಸ ಬೇಡ.

ಮರದ ಹಿಡಿಗೆ ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ಹಲವು ಮನೆಗಳಲ್ಲಿದೆ. ಹೊಸತರಲ್ಲಿ ಅದು ಚೆಂದ ಕಾಣುತ್ತದೆ, ಆದರೆ ಕೊಬ್ಬರಿ ಎಣ್ಣೆ ಎಂದಿಗೂ ಒಣಗಿ ಗಟ್ಟಿಯಾಗುವುದಿಲ್ಲ. ಕೈಗೆ ಅಂಟುತ್ತ ದೂಳನ್ನು ಹಿಡಿದಿಡುತ್ತದೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಮರದೊಳಗೇ ಘನವಾಗುತ್ತದೆ. ಬಟ್ಟೆಯಿಂದ ತೆಳುವಾಗಿ ಹಚ್ಚಿ, ಕಾಲು ಗಂಟೆಯ ನಂತರ ಹೆಚ್ಚಾದದ್ದನ್ನು ಒರೆಸಿ, ಒಂದು ದಿನ ಬಿಟ್ಟು ಮತ್ತೆ ಹಚ್ಚುತ್ತ ಮೂರು ನಾಲ್ಕು ಲೇಪ ಕೊಟ್ಟರೆ ಸಾಕು. ಆಮ್ಲಜನಕದೊಂದಿಗೆ ಕೂಡುವಾಗ ಬಿಸಿ ಹುಟ್ಟುವುದರಿಂದ, ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ತಾನಾಗಿ ಹೊತ್ತಿಕೊಳ್ಳಬಹುದು; ಹರವಿ ಒಣಗಿಸಬೇಕು ಅಥವಾ ನೀರಿನಲ್ಲಿ ಮುಳುಗಿಸಿಡಬೇಕು. ಚನ್ನಪಟ್ಟಣದ ಗೊಂಬೆಗಳ ಹೊಳಪನ್ನು ಕಂಡು ಅರಗಿನ ಲೇಪ ಬಯಸುವವರೂ ಇದ್ದಾರೆ. ಅಲ್ಲಿ ಅರಗು ತಿರುಗುವ ಮರದ ಉಜ್ಜಾಟದ ಬಿಸಿಗೆ ಕರಗಿ ಹತ್ತುತ್ತದೆ, ಚಪ್ಪಟೆ ಪಕ್ಕೆಗೆ ಆ ವಿಧಾನ ಒಗ್ಗದು. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಹಚ್ಚಬಹುದಾದರೂ ಕೈ ಶುದ್ಧಿಯ ಸ್ಯಾನಿಟೈಸರ್ ತಾಗಿದರೆ ಅದು ಮತ್ತೆ ಕರಗುತ್ತದೆ.

ಮರುಜೋಡಣೆ ಮತ್ತು ಪರೀಕ್ಷೆ

ಬಿಚ್ಚುವಾಗ ಪ್ರತಿ ಹಂತದ ಚಿತ್ರವನ್ನು ಫೋನಿನಲ್ಲಿ ತೆಗೆದಿಟ್ಟಿದ್ದರೆ ಜೋಡಿಸುವುದು ಸುಲಭ. ವಾಷರ್ ಮತ್ತು ಕೀಲನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಒಂದು ಹನಿ ತೆಳು ಎಣ್ಣೆ ಹಾಕಿ ಕೂರಿಸಬೇಕು. ಕೀಲಿನ ಸ್ಕ್ರೂವನ್ನು ಪೂರ್ತಿ ಬಿಗಿದು ಬಿಡುವುದಲ್ಲ. ಬಿಗಿದು, ನಂತರ ಅಲಗು ಸರಾಗವಾಗಿ ತಿರುಗುವಷ್ಟು, ಆದರೆ ಅಕ್ಕಪಕ್ಕಕ್ಕೆ ಅಲುಗದಷ್ಟು ಹಿಂದಕ್ಕೆ ತಿರುಗಿಸಬೇಕು. ವ್ಯತ್ಯಾಸ ಬಹಳ ಸಣ್ಣದು, ಕೆಲವೊಮ್ಮೆ ಐದು ಹತ್ತು ಡಿಗ್ರಿಗಳ ತಿರುವು. ಆ ಸ್ಥಾನ ಸಿಕ್ಕ ಮೇಲೆ ಸ್ಕ್ರೂವನ್ನು ಹೊರತೆಗೆದು ತಿರುಪಿಗೆ ಮಾತ್ರ ಮಧ್ಯಮ ಬಲದ ನೀಲಿ ಸ್ಕ್ರೂ ಅಂಟನ್ನು ಸೂಜಿಮೊನೆಯಷ್ಟು ಸವರಿ ಮತ್ತೆ ಅದೇ ಸ್ಥಾನಕ್ಕೆ ತರಬೇಕು. ಅಂಟು ಹೆಚ್ಚಾಗಿ ವಾಷರಿಗೆ ಹರಿದರೆ ಅಲಗೇ ಅಂಟಿಕೊಳ್ಳುತ್ತದೆ.

ಪರೀಕ್ಷೆಗಳು ನಾಲ್ಕು ಇವೆ, ಒಂದನ್ನೂ ಬಿಡಬಾರದು. ಮಡಚಿದಾಗ ಅಲಗಿನ ಮೊನೆ ಎರಡು ಒಳತಗಡುಗಳ ನಡುವೆ ಯಾವುದನ್ನೂ ತಾಗದೆ ನಿಲ್ಲಬೇಕು. ತೆರೆದ ಅಲಗನ್ನು ಬೆನ್ನಿನ ಕಡೆಯಿಂದ ಹಿಡಿದು ಅಕ್ಕಪಕ್ಕಕ್ಕೆ ಒತ್ತಿದರೆ ಟಿಕ್ ಎಂಬ ಅಲುಗಾಟ ಇರಬಾರದು. ಚಾಕುವನ್ನು ತೆರೆದು, ಬೆರಳುಗಳು ಅಲಗಿನ ದಾರಿಯಲ್ಲಿ ಇರದಂತೆ ಹಿಡಿದು, ಬೆನ್ನನ್ನು ಮರದ ತುಂಡಿಗೆ ಮೆಲ್ಲಗೆ ಒತ್ತಿದಾಗ ಲಾಕ್ ಜಾರಬಾರದು. ಕೊನೆಯದಾಗಿ, ಮಡಚಿದ ಚಾಕುವನ್ನು ಅಲಗು ಹೊರಬರುವ ಬದಿ ನೆಲದ ಕಡೆಗಿರುವಂತೆ ಹಿಡಿದು ಕೊಡವಿದರೆ ಅಲಗು ತಾನಾಗಿ ಇಣುಕಬಾರದು. ಇವುಗಳಲ್ಲಿ ಮೂರನೆಯದು ಅಥವಾ ನಾಲ್ಕನೆಯದು ಸೋತರೆ ಹೊಸ ಪಕ್ಕೆ ಒಳತಗಡನ್ನು ಬಾಗಿಸಿದೆಯೆಂದೇ ಮೊದಲು ಶಂಕಿಸಿ, ಪಕ್ಕೆಗಳಿಲ್ಲದೆ ಜೋಡಿಸಿ ನೋಡಬೇಕು. ಆಗ ಸರಿಯಾಗಿ ನಡೆದರೆ ದೋಷ ಪಕ್ಕೆಯದು, ಗಾಜಿನ ಮೇಲೆ ಮತ್ತೆ ಉಜ್ಜಿ ಸಪಾಟಾಗಿಸಿದರೆ ಸರಿಹೋಗುತ್ತದೆ.

ಜೇಬಿನಲ್ಲಿ ಇಟ್ಟುಕೊಳ್ಳುವ ಮುನ್ನ

2016ರ ಶಸ್ತ್ರಾಸ್ತ್ರ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಚಾಕುಗಳನ್ನು ಹರಿತ ಶಸ್ತ್ರಗಳ ವರ್ಗದಲ್ಲಿ ಇಡುತ್ತವೆ; ಮನೆ, ಕೃಷಿ, ವಿಜ್ಞಾನ ಮತ್ತು ಕೈಗಾರಿಕೆಯ ಬಳಕೆಗೆಂದು ರೂಪಿಸಿದವು ಇದಕ್ಕೆ ಹೊರತು. 7ರಿಂದ 9 ಸೆಂ.ಮೀ. ಅಲಗಿನ ಸಾಮಾನ್ಯ ಮಡಿಸುವ ಚಾಕು ಆ ಅಳತೆಯಿಂದ ಬಹಳ ಕೆಳಗಿದೆ. ಗುಂಡಿ ಒತ್ತಿದರೆ ಸ್ಪ್ರಿಂಗಿನಿಂದ ಚಿಮ್ಮುವ ಚಾಕುಗಳ ಮಾತು ಬೇರೆ: ದೆಹಲಿಯಲ್ಲಿ 1980ರ ಅಧಿಸೂಚನೆಯೊಂದು ಅಂಥವುಗಳಿಗೆ 7.62 ಸೆಂ.ಮೀ. ಉದ್ದ ಮತ್ತು 1.72 ಸೆಂ.ಮೀ. ಅಗಲದ ಮಿತಿ ಹಾಕಿದೆ. ಆದ್ದರಿಂದ ಹಿಡಿ ಬದಲಿಸುವ ನೆಪದಲ್ಲಿ ಅಲಗು ತಾನಾಗಿ ಚಿಮ್ಮುವ ಸ್ಪ್ರಿಂಗನ್ನು ಸೇರಿಸುವ ಪ್ರಯೋಗ ಬೇಡ. ನಮ್ಮ ಮೆಟ್ರೊ ನಿಲ್ದಾಣದ ತಪಾಸಣೆಯಲ್ಲಿ ಚಾಕುವನ್ನು ತಡೆಯುತ್ತಾರೆ, ವಿಮಾನದ ಕೈಚೀಲದಲ್ಲಿ ಒಯ್ಯುವಂತಿಲ್ಲ. ಚಾರಣಕ್ಕೆ ಹೋಗುವಾಗ ದೊಡ್ಡ ಚೀಲದ ಒಳಗಡೆ, ಬಟ್ಟೆಯಲ್ಲಿ ಸುತ್ತಿ, ಇತರ ಅಡುಗೆ ಸಾಮಾನಿನ ಜೊತೆ ಇಡುವುದು ವಾಡಿಕೆ.

ಹೊಸ ಹಿಡಿ ಹಾಕಿದ ಚಾಕುವನ್ನು ಮೊದಲ ಕೆಲವು ವಾರ ತರಕಾರಿ, ಹಗ್ಗ, ರಟ್ಟಿನಂಥ ಹಗುರ ಕೆಲಸಕ್ಕೆ ಬಳಸಿ, ವಾರಕ್ಕೊಮ್ಮೆ ಸ್ಕ್ರೂಗಳನ್ನೂ ಅಂಟಿನ ಅಂಚನ್ನೂ ನೋಡಬೇಕು. ಬೇಸಿಗೆಯಲ್ಲಿ ಮರದ ಪಕ್ಕೆ ಹಾಕಿದ್ದರೆ ಜೂನ್ ಮಳೆ ಹಿಡಿದ ಮೇಲೆ ಅಂಚು ಒಳತಗಡಿಗಿಂತ ಹೊರಕ್ಕೆ ಚಾಚಿರುವುದು ಬೆರಳಿಗೆ ತಿಳಿಯುತ್ತದೆ. ಅದನ್ನು ಒಡನೆಯೇ ಅರೆದು ತೆಗೆಯಬಾರದು, ತೆಗೆದರೆ ಮುಂದಿನ ಬೇಸಿಗೆಗೆ ಅದು ತಗಡಿನ ಅಂಚಿಗಿಂತ ಒಳಕ್ಕೆ ಸರಿದಿರುತ್ತದೆ. ಒಂದು ವರ್ಷ ಪೂರ್ತಿ ಕಳೆದು, ಎರಡು ಋತುಗಳ ನಡುವಿನ ಅಳತೆ ತಿಳಿದ ಮೇಲೆ ಅಂಚನ್ನು ಕೊನೆಯ ಬಾರಿ ತಿದ್ದಬಹುದು.